ನೀಲಿ ಬಾಟಲಿಯ ನೀರು

ಹೊಳೆದಂಡೆಯ ಮಠದಲ್ಲಿ ಕಲ್ಲಯ್ಯಜ್ಜ ಎಂಬ ಗುರುಗಳಿದ್ದರು. ಅವರಿಗೆ ಮುರಿಗೆಪ್ಪ ಎಂಬ ಶಿಷ್ಯನಿದ್ದ.

ಮುರಿಗೆಪ್ಪನದು ಬೆಣ್ಣೆಯಂಥ ಮನಸ್ಸು. ಯಾರ ಮನೆಯ ಕೂಸು ಅತ್ತರೂ ಅವನಿಗೆ ಊಟ ಸೇರುತ್ತಿರಲಿಲ್ಲ.

ಒಮ್ಮೆ ಗುರುಗಳು ತಿಂಗಳ ಯಾತ್ರೆ ಮುಗಿಸಿ ಬಂದರು. ಬಂದು ನೋಡಿದರೆ ಮಠದ ಕಟ್ಟೆಯ ಮೇಲೆ ನೀಲಿ ಬಾಟಲಿಗಳು ಸಾಲಾಗಿ ನಿಂತು ಬಿಸಿಲು ಕಾಯುತ್ತಿದ್ದವು.

“ಇವೇನಪಾ?”

“ಔಷಧ ರೀ ಅಜ್ಜಾರ. ನೀಲಿ ಬಾಟಲಿಯೊಳಗ ಹೊಳಿ ನೀರು ತುಂಬಿ ಬಿಸಿಲಿಗೆ ಇಟ್ರ ಸೂರ್ಯನ ಶಕ್ತಿ ಅದರೊಳಗ ಇಳಿತೈತಿ. ಪ್ಯಾಟ್ಯಾಗ ಒಬ್ಬರು ಶಿಬಿರ ಮಾಡಿದ್ರು, ಕಲಿತು ಬಂದೆ. ಮಕ್ಕಳ ಎಲ್ಲಾ ರೋಗಕ್ಕೂ ಇದೊಂದ ಸಾಕು.”

“ಎಲ್ಲಾ ರೋಗಕ್ಕೂ?”

“ಎಲ್ಲಾ ರೋಗಕ್ಕೂ ರೀ. ದಿನಕ್ಕ ಮೂರು ಚಮಚ, ಏಳು ದಿನ.”

ಗುರುಗಳು ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಒಳಗೆ ಸೊಳ್ಳೆಮರಿಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು.

“ಇವಕ್ಕಂತೂ ಮೈಗೆ ಹಿಡಿದಂಗ ಐತಿ,” ಎಂದು ಬಾಟಲಿಯನ್ನು ಕೆಳಗಿಟ್ಟರು. “ಎಷ್ಟು ಮಕ್ಕಳಿಗೆ ಕೊಟ್ಟಿ?”

“ಇಪ್ಪತ್ತು.”

“ಗುಣ ಆದವು?”

“ಹನ್ನೊಂದು ಮಂದಿ ತಾಯಂದಿರು ತಾವಾಗೇ ಬಂದು ಹೇಳಿ ಹೋಗ್ಯಾರ.”

“ಆ ಹನ್ನೊಂದಕ್ಕ ಏನಾಗಿತ್ತು?”

“ಆರಕ್ಕ ನೆಗಡಿ. ಮೂರಕ್ಕ ಹೊಟ್ಟಿನೋವು. ಒಂದು ಕೂಸಿಗೆ ಬಿಕ್ಕಳಿಕೆ.”

“ಇನ್ನೊಂದಕ್ಕ?”

“ಆ ಹುಡುಗಿಗೆ ಸೋಮವಾರ ಮುಂಜಾನೆ ತಲಿನೋವು ಬರತಿತ್ತು ರೀ. ಸಾಲಿಗೆ ಹೋಗೋ ಹೊತ್ತಿಗೆ.”

“ಯಾವಾಗ ಕಡಿಮಿ ಆತು?”

“ಸಾಲಿ ಬಾಗಿಲು ಹಾಕಿದ ಮ್ಯಾಲೆ.”

ಗುರುಗಳು ನಗಲಿಲ್ಲ. “ಉಳಿದ ಒಂಬತ್ತು?”

“ಅವರು ತಿರುಗಿ ಬಂದಿಲ್ಲ ರೀ. ಆರಾಮ ಆಗಿರಬೇಕು.”

“ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಆರಾಮ ಆಗದಿದ್ರ ಬಂದು ಬೈತಿದ್ರಲ್ಲ.”

ಗುರುಗಳು ಮತ್ತೆ ಬಾಟಲಿಗಳ ಸಾಲಿನತ್ತ ನೋಡಿದರು. ಆ ನೋಟ ಮುರಿಗೆಪ್ಪನಿಗೆ ಚುಚ್ಚಿತು.

“ಅಜ್ಜಾರ, ಸಿಟ್ಟಾಗಬ್ಯಾಡ್ರಿ. ಜಡ್ಡು ಬಿದ್ದ ಮಕ್ಕಳಿಗೆ ನೀವೂ ವಿಭೂತಿ ಹಚ್ಚತೀರಿ. ಅದರಿಂದ ಗುಣ ಆಗತೈತಿ ಅನ್ನೋದಕ್ಕ ಏನು ಸಾಕ್ಷಿ ಐತಿ?”

“ಏನೂ ಇಲ್ಲ.”

ಈ ಉತ್ತರವನ್ನು ಮುರಿಗೆಪ್ಪ ನಿರೀಕ್ಷಿಸಿರಲಿಲ್ಲ.

“ವಿಭೂತಿ ಹಚ್ಚಿದ ಮ್ಯಾಲೆ ನಾ ಏನು ಕೇಳತೀನಿ?” ಎಂದರು ಗುರುಗಳು.

“ಡಾಕ್ಟರು ಏನಂದ್ರು ಅಂತ ಕೇಳತೀರಿ.”

“ಹೋಗೇ ಇಲ್ಲ ಅಂದ್ರ?”

“ಅಲ್ಲಿಂದಲೇ ಆಸ್ಪತ್ರಿಗೆ ಕಳಿಸತೀರಿ.”

“ಯಾಕ ಕೇಳತೀನಿ ಅಂತ ತಿಳಿದಿದ್ದಿ?”

“ಮಾತಿಗೆ ಕೇಳತೀರಿ ಅಂತ ತಿಳಿದಿದ್ದೆ ರೀ.”

ಗುರುಗಳು ಅವನ ಹೆಗಲಿಗೆ ಶಲ್ಯ ಹಾಕಿದರು. “ಆ ಒಂಬತ್ತು ಮನೀಗೆ ಹೋಗಿ ಬಾ. ಏನಾತು ಅಂತ ಕೇಳು. ಬಾಟಲಿ ಒಯ್ಯಬ್ಯಾಡ.”

ಮುರಿಗೆಪ್ಪ ಹೊರಟ.

ಮೊದಲ ಮನೆಯಲ್ಲಿ ಬಾಟಲಿ ಗೂಡಿನಲ್ಲಿತ್ತು. ಒಳಗೆ ಹರಳೆಣ್ಣೆ ಇತ್ತು. “ಬಾಟಲಿ ಬಾಳ ಗಟ್ಟಿ ಐತ್ರಿ,” ಎಂದಳು ಮನೆಯಾಕೆ. “ಇನ್ನೊಂದು ಇದ್ರ ಕೊಡ್ರಿ.”

ಎರಡನೆಯ ಮನೆಯಲ್ಲಿ ಕೂಸು ನೀರನ್ನು ಉಗುಳಿತ್ತು. ಚೆಲ್ಲಿದರೆ ಪಾಪ ಬಂದೀತೆಂದು ಎಮ್ಮೆಗೆ ಕುಡಿಸಿದ್ದರು. “ಎಮ್ಮಿ ಆರಾಮ ಐತ್ರಿ,” ಎಂದ ಯಜಮಾನ.

“ಎಮ್ಮಿಗೆ ಏನಾಗಿತ್ತು?”

“ಏನೂ ಆಗಿರಲಿಲ್ಲ.”

ಮೂರನೆಯ ಮನೆಯಲ್ಲಿ ಮೊಮ್ಮಗನ ಪಾಲಿನ ಇಡೀ ಬಾಟಲಿಯನ್ನು ಅಜ್ಜಿ ಒಬ್ಬಳೇ ಕುಡಿದು ಮುಗಿಸಿದ್ದಳು. ಅವಳ ಮೊಣಕಾಲು ನೋವು ಹಾಗೇ ಇತ್ತು. ಜೊತೆಗೆ ಎರಡು ದಿನ ಹೊಟ್ಟೆ ಕೆಟ್ಟಿತ್ತು. ಅದಕ್ಕೆ ಬೇರೆ ಬಾಟಲಿ ಇದೆಯೇ ಎಂದು ಕೇಳಿದಳು.

ಮುಂದಿನ ಐದು ಮನೆಯವರೂ ಮರುದಿನವೇ ಮಕ್ಕಳನ್ನು ಆಸ್ಪತ್ರೆಗೆ ತೋರಿಸಿದ್ದರು. ಮಕ್ಕಳು ಅಂಗಳದಲ್ಲಿ ಆಡುತ್ತಿದ್ದವು.

“ಮತ್ತ ನನಗ್ಯಾಕ ಹೇಳಲಿಲ್ಲ?” ಎಂದು ಒಬ್ಬ ತಾಯಿಯನ್ನು ಕೇಳಿದ.

“ನೀವು ಅಷ್ಟು ಪ್ರೀತಿಯಿಂದ ಕೊಟ್ಟಿದ್ರಿ. ನಿಮಗ ಬ್ಯಾಸರ ಆಗಬಾರದು ಅಂತ ಸುಮ್ಮನಿದ್ವಿ ರೀ.”

ಒಂಬತ್ತನೆಯದು ಇಟ್ಟಂಗಿ ಭಟ್ಟಿಯ ಪಕ್ಕದ ಗುಡಿಸಲು. ಅಲ್ಲಿ ಕೆಲಸ ಮಾಡುವ ಕಾಶವ್ವ ತನ್ನ ಎರಡು ವರ್ಷದ ಮಗಳು ರತ್ನಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಅವನನ್ನು ಕಂಡು ಅವಳ ಮುಖ ಅರಳಿತು.

“ನೀವ ಬಂದ್ರಿ, ಚಲೋ ಆತು. ಇವತ್ತಿಗೆ ಆರು ದಿನ. ಒಂದು ಹೊತ್ತೂ ತಪ್ಪಿಸಿಲ್ರಿ. ನಾಳೆಗೆ ಏಳಾಗತೈತಿ.”

ರತ್ನಿಯ ಮೈ ಕಾದ ಹೆಂಚಿನಂತಿತ್ತು. ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಗೆ ಸೇದುತ್ತಿತ್ತು. ತುಟಿ ಕಪ್ಪಿಟ್ಟಿತ್ತು.

“ಡಾಕ್ಟರು ಏನಂದ್ರು?” ಎಂದ ಮುರಿಗೆಪ್ಪ.

“ನಡುವ ಬ್ಯಾರೆ ಔಷಧ ಕೊಟ್ರ ನೀರಿನ ಶಕ್ತಿ ಹೋಗತೈತಿ ಅಂತ ನೀವ ಹೇಳಿದ್ರಲ್ರಿ.”

ಮುರಿಗೆಪ್ಪ ಕೂಸನ್ನು ಎತ್ತಿಕೊಂಡು ಓಡಿದ. ಕಾಶವ್ವ ಹಿಂದೆ ಓಡಿದಳು. ಇಟ್ಟಂಗಿ ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರಿಗೆ ಅಡ್ಡ ನಿಂತು ನಿಲ್ಲಿಸಿದ. ಇಟ್ಟಂಗಿಯ ಮೇಲೆಯೇ ಕುಳಿತು ಆಸ್ಪತ್ರೆಗೆ ಹೋದರು.

ಡಾಕ್ಟರಮ್ಮ ಕೂಸಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಮೂಗಿಗೆ ಆಮ್ಲಜನಕ ಹಚ್ಚಿದರು, ಸೂಜಿ ಹಾಕಿದರು. ಆಮೇಲೆ ತಿರುಗಿದರು.

“ಎಷ್ಟು ದಿನದಿಂದ ಹೀಗಿದೆ?”

“ಆರು ದಿನ ರೀ,” ಎಂದಳು ಕಾಶವ್ವ.

“ಇಷ್ಟು ದಿನ ಯಾಕಮ್ಮಾ ಕರಕೊಂಡು ಬರಲಿಲ್ಲ? ಶ್ವಾಸಕೋಶಕ್ಕೆ ಸೋಂಕು ತಗಲಿದೆ. ನಾಳೆ ಬಂದಿದ್ದರೆ ನನ್ನ ಕೈಲೂ ಏನೂ ಆಗುತ್ತಿರಲಿಲ್ಲ.”

ಕಾಶವ್ವ ಮುರಿಗೆಪ್ಪನ ಮುಖ ನೋಡಿದಳು. ಅವಳ ನೋಟದಲ್ಲಿ ದೂರು ಇರಲಿಲ್ಲ. ಅದೇ ಅವನಿಗೆ ತಾಳಲಾಗಲಿಲ್ಲ.

“ಆಕಿದೇನೂ ತಪ್ಪಿಲ್ರಿ. ಕರಕೊಂಡು ಬರಬ್ಯಾಡ ಅಂದಾವ ನಾನು,” ಎಂದ.

ಎಂಟು ದಿನ ಅವನು ಆಸ್ಪತ್ರೆಯ ಪಡಸಾಲೆ ಬಿಡಲಿಲ್ಲ. ಐದನೆಯ ದಿನ ರತ್ನಿ ಎದ್ದು ಕುಳಿತು ಅವನ ಗಡ್ಡ ಹಿಡಿದು ಜಗ್ಗಿದಳು. ನೋವಿಗೆ ಕಣ್ಣಲ್ಲಿ ನೀರು ಬಂತೆಂದು ಅವನು ದಾದಿಗೆ ಹೇಳಿದ.

ಮಠಕ್ಕೆ ಬಂದವನು ಮೊದಲು ಬಾಟಲಿಗಳನ್ನೆಲ್ಲ ಬದನೆ ಗಿಡದ ಬುಡಕ್ಕೆ ಸುರಿದ.

ಹದಿನೈದು ದಿನ ಕಳೆಯಿತು. ಒಂದು ಮುಂಜಾನೆ ಕಾಶವ್ವ ತೆಂಗಿನಕಾಯಿ ಹಿಡಿದು ಬಂದಳು. ರತ್ನಿ ಅವಳ ಮುಂದೆ ಓಡುತ್ತಿದ್ದಳು. ಜೊತೆಗೆ ಇನ್ನೊಬ್ಬ ಹೆಂಗಸು, ಅವಳ ಸೊಂಟದಲ್ಲಿ ಕೆಮ್ಮುವ ಕೂಸು.

ಕಾಶವ್ವ ಮುರಿಗೆಪ್ಪನ ಕಾಲಿಗೆ ಬಿದ್ದಳು. “ನಿಮ್ಮ ನೀರಿನಿಂದ ನನ್ನ ಮಗಳು ಉಳದಳ್ರಿ. ಈಕಿ ನಮ್ಮ ಮಗ್ಗಲ ಮನಿ ದ್ಯಾಮವ್ವ. ಈಕಿ ಕೂಸಿಗೂ ಒಂದು ಬಾಟಲಿ ಕೊಡ್ರಿ.”

ಮುರಿಗೆಪ್ಪ ಹಿಂದೆ ಸರಿದ. “ನೀರಿನಿಂದ ಅಲ್ಲವ್ವಾ. ಆಸ್ಪತ್ರಿ ಔಷಧದಿಂದ.”

“ಔಷಧ ಎರಡನೇದ್ದು ರೀ. ಆರು ದಿನ ಜೀವಾ ಹಿಡಿದಿಟ್ಟಿದ್ದು ನೀರು.”

“ಅದು ಬರೇ ಹೊಳಿ ನೀರು. ಅದರಾಗ ಏನೂ ಇಲ್ಲ.”

ಕಾಶವ್ವ ದ್ಯಾಮವ್ವನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: “ದೊಡ್ಡವರು ಹಿಂಗ ಅಂತಾರ. ತಮ್ಮ ಹೆಚ್ಚುಗಾರಿಕಿ ತಾವು ಹೇಳಿಕೊಳ್ಳೂದಿಲ್ಲ.”

ದ್ಯಾಮವ್ವ ಭಕ್ತಿಯಿಂದ ಕೈ ಮುಗಿದಳು.

ಮುರಿಗೆಪ್ಪನ ತಲೆ ಕೆಟ್ಟಿತು. ಅಂಗಳದ ನಡುವೆ ನಿಂತು, ಕೈ ಬೀಸಿ, ನಿಮಗೆ ಬುದ್ಧಿ ಇಲ್ಲವೇ, ಎದ್ದು ಆಸ್ಪತ್ರೆಗೆ ಹೋಗಿರಿ ಎಂದು ಗದರಿದ. ಹೆಂಗಸರು ಬೇವಿನ ನೆರಳಿಗೆ ಸರಿದು, ಸಿಟ್ಟು ಇಳಿದ ಮೇಲೆ ಕೊಡುತ್ತಾರೆ ಎಂದುಕೊಂಡು ಕುಳಿತರು.

ಮುರಿಗೆಪ್ಪ ಒಳಗೆ ಹೋದ. ಗುರುಗಳು ಹತ್ತಿಯ ಬತ್ತಿ ಹೊಸೆಯುತ್ತಿದ್ದರು.

“ಅಜ್ಜಾರ, ಅಂದು ಸುಳ್ಳು ಹೇಳಿದೆ, ಇಪ್ಪತ್ತು ಮಂದಿ ನಂಬಿದ್ರು. ಇಂದು ಖರೇ ಹೇಳಿದ್ರ ಇಬ್ಬರೂ ನಂಬವಲ್ಲರು.”

“ಅಂದು ಹೆಂಗ ಹೇಳಿದ್ದಿ?”

ಮುರಿಗೆಪ್ಪ ನೆನಪಿಸಿಕೊಂಡ. “ಚಾಪಿ ಹಾಸಿ, ಮಗ್ಗಲಿಗೆ ಕುಂತು, ಕೂಸಿನ ಹೆಸರು ಕೇಳಿ, ತೊಡಿ ಮ್ಯಾಲೆ ಹಾಕ್ಕೊಂಡು ಹೇಳಿದ್ದೆ ರೀ.”

ಗುರುಗಳು ಕೈಯಲ್ಲಿದ್ದ ಬತ್ತಿಯನ್ನು ಪಕ್ಕಕ್ಕಿಟ್ಟರು.

“ಸುಳ್ಳು ಕುಂತು ಹೇಳಿದಿ, ಖರೇ ನಿಂತು ಒದರಿದಿ. ಹೋಗು, ಕುಂದ್ರು.”