ಕಬ್ಬಿಣದ ಟ್ರಂಕಿನಲ್ಲಿ ಮೂಕವಾದ ಬೆಡ್‌ಶೀಟು

ಬನ್ನಿ, ಗೋಡೆಗೆ ಒರಗಿ ಆರಾಮಾಗಿ ಕೂತ್ಕೊಳ್ಳಿ, ಗಲಾಟೆ ಮಾಡದೆ ನಾನು ಹೇಳೋದು ಕೇಳಿ.

ಅರಸೀಕೆರೆಯ ಒಂದು ಹೋಟೆಲಿನಲ್ಲಿ ದ್ಯಾವಮ್ಮ ಬಟ್ಟೆ ಒಗೆಯುತ್ತಿದ್ದಳು. ಅಲ್ಲಿನ ಬೆಡ್‌ಶೀಟುಗಳ ಅಂಚಿನಲ್ಲಿ ಪುಟ್ಟ ಚಿಪ್ ಹೊಲಿದಿದ್ದರು. ಅದಕ್ಕೆ ಬ್ಯಾಟರಿಯಿಲ್ಲ. ಕೈಯಲ್ಲಿ ಹಿಡಿಯುವ ಯಂತ್ರ ರೇಡಿಯೋ ಅಲೆ ಬಿಟ್ಟರೆ, ಆ ಅಲೆಯಿಂದಲೇ ಚಿಪ್ಪಿಗೆ ಜೀವ ಬಂದು ತನ್ನ ನಂಬರು ಹೇಳುತ್ತದೆ. ಆಗ ಯಂತ್ರ ಕೀಂ ಅನ್ನುತ್ತದೆ.

ಒಂದು ದಿನ ಹೊಸ ಬೆಡ್‌ಶೀಟುಗಳ ಕಟ್ಟೇ ಮಾಯ. ಮ್ಯಾನೇಜರ್ ಪುಟ್ಟಸ್ವಾಮಯ್ಯ ಮಾಲೀಕರ ಮುಂದೆ ಗುಡುಗಿದ: "ಇವಳೇ ಕದ್ದಿದ್ದು. ಸಂಜೆಯೊಳಗೆ ತಂದಿಡಲಿ, ಇಲ್ಲಾ ಕೆಲಸ ಬಿಡಲಿ!"

ದ್ಯಾವಮ್ಮ ಯಂತ್ರ ಹಿಡಿದು ಹೋಟೆಲೆಲ್ಲ ಸುತ್ತಿದಳು. ಮಾಲೀಕರೂ ಮ್ಯಾನೇಜರೂ ಹಿಂದೆಯೇ ಬಂದರು. ಮ್ಯಾನೇಜರ್ ಕೋಣೆಯ ಕಬ್ಬಿಣದ ಟ್ರಂಕಿನ ಮುಂದೆಯೂ ಯಂತ್ರ ಸುಮ್ಮನಿತ್ತು.

"ನೋಡಿದ್ಯೇನೇ?" ಅಂತ ಮ್ಯಾನೇಜರ್ ಮೀಸೆ ತೀಡಿದ.

ಕಬ್ಬಿಣದ ಬೀರುವಿನಲ್ಲಿ ಬಟ್ಟೆ ಮುಚ್ಚಿಟ್ಟಾಗೆಲ್ಲ ಯಂತ್ರ ಮೂಕವಾಗುವುದನ್ನು ದ್ಯಾವಮ್ಮ ಕಂಡಿದ್ದಳು. ಗಟ್ಟಿಯಾಗಿ ಅಂದಳು: "ಯಜಮಾನ್ರೇ, ಇನ್ನು ಹುಡುಕೋದೇ ಬೇಡ. ಕಬ್ಬಿಣದ ಪೆಟ್ಟಿಗೇಲಿ ಮುಚ್ಚಿಟ್ರೆ ಈ ಚಿಪ್ಪುಗಳು ಕಾದು ಕಾದು ಹೊತ್ಕೊಳ್ತವೆ. ಕದ್ದೋರ ಬಟ್ಟೆಬರೆಯೆಲ್ಲ ಬೂದಿ!"

ಅವಳು ಹೇಳಿದ್ದು ಅಪ್ಪಟ ಸುಳ್ಳು!

ಮ್ಯಾನೇಜರ್ ಮೂಗು ಅರಳಿಸಿದ. "ಏನೋ ಸೀದ ವಾಸನೆ... ಅಯ್ಯೋ, ನನ್ನ ರೇಷ್ಮೆ ಪಂಚೆ!" ಅಂತ ಮುನ್ನುಗ್ಗಿ ಟ್ರಂಕಿನ ಮುಚ್ಚಳ ಎತ್ತಿದ.

ಕೀಂ ಕೀಂ ಕೀಂ!

"ಹೊಗೆಯೇ ಇಲ್ವಲ್ಲೇ!" ಅಂದ ಮ್ಯಾನೇಜರ್.

"ಹೊಗೆ ಎಲ್ಲಿಂದ ಬರಬೇಕು ಬುದ್ಧಿ? ಅವು ನಿಮ್ಮ ಹೆಸರು ಕೂಗ್ತಾ ಇವೆ."

ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಪುಟ್ಟಸ್ವಾಮಯ್ಯನಿಗೆ ಬಾಗಿಲು ತೋರಿಸಿದರು. ಅವನೀಗ ಅತ್ತೆಮನೆ ಊರಲ್ಲಿ ಮಾವನ ಎಮ್ಮೆ ಮೇಯಿಸುತ್ತಿದ್ದಾನೆ. ದ್ಯಾವಮ್ಮ ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಾಳೆ. ಆ ಬೆಡ್‌ಶೀಟುಗಳೋ, ಒಗೆಸಿಕೊಂಡು ಒಗೆಸಿಕೊಂಡು ಸವೆದು, ಅದೇ ಹೋಟೆಲಿನ ಮೇಜು ಒರೆಸುತ್ತಿವೆ.