ಸ್ಟೆತಸ್ಕೋಪಿನ ಕೈಗುಣ

ಪಶುವೈದ್ಯಕೀಯ ಕಾಲೇಜಿನ ಚೆನ್ನಿ ಎಂಬ ಎಮ್ಮೆ ಹನ್ನೊಂದು ವರ್ಷಗಳಿಂದ ವಿದ್ಯಾರ್ಥಿಗಳ ಪರೀಕ್ಷೆಗೆ ನಿಂತು ಪಳಗಿತ್ತು. ಅಂದು ಕೊನೆಯ ವರ್ಷದ ನೀಲಗಂಗಾ ತನ್ನ ಹೊಸ ಸ್ಟೆತಸ್ಕೋಪನ್ನು ಅದರ ಬಲ ಪಕ್ಕೆಗೆ ಒತ್ತಿದಳು. ಎಮ್ಮೆಯ ಹೊಟ್ಟೆ ಹೇಗಿದೆ ಎಂದು ಪರೀಕ್ಷಕರಿಗೆ ಕೊಡುವ ಉತ್ತರ ತಪ್ಪಿದರೆ ಅವಳು ಇನ್ನೊಂದು ವರ್ಷ ಅಲ್ಲೇ ಕೊಳೆಯಬೇಕಿತ್ತು.

"ಸದ್ದೇ ಇಲ್ಲ. ಮೇವು ಅರಗಿಸುವ ನಿನ್ನ ದೊಡ್ಡ ಹೊಟ್ಟೆ ನಿಂತುಹೋಗಿದೆ," ಎಂದಿತು ಸ್ಟೆತಸ್ಕೋಪು.

"ಮೆಲುಕು ಹಾಕುತ್ತಿರುವವಳಿಗೆ ಹೇಳುವ ಮಾತೇ ಇದು, ಮರಿ? ಆ ಹೊಟ್ಟೆ ಇರುವುದು ಎಡಕ್ಕೆ. ಆಚೆ ಬಾ."

"ಓದಿದವರ ಕಿವಿಯಲ್ಲಿ ಕೂರುವವನು ನಾನು. ಎಮ್ಮೆಯಿಂದ ಪಾಠ ಹೇಳಿಸಿಕೊಳ್ಳಲೇ?"

ಪರೀಕ್ಷಕರ ಬೂಟಿನ ಸದ್ದು ಹತ್ತಿರವಾಯಿತು. ಹುಡುಗಿ ಇನ್ನೂ ಬಲ ಪಕ್ಕೆಯಲ್ಲೇ ಸದ್ದು ಹುಡುಕುತ್ತಿದ್ದಳು. ಹಟಮಾರಿಯ ಜೊತೆ ವಾದ ಮಾಡಿದರೆ ಪಾಪ, ಇವಳು ಫೇಲಾಗುತ್ತಾಳೆ ಎಂದುಕೊಂಡು, ಚೆನ್ನಿ ತಾನೇ ಹಗ್ಗ ಎಳೆದುಕೊಂಡು ತಿರುಗಿ ಎಡ ಪಕ್ಕೆಯನ್ನು ಒಡ್ಡಿತು. ಒಳಗಿನಿಂದ ಗುಡುಗುಡು ಸದ್ದು ಕೇಳಿಸಿತು.

"ಹೊಟ್ಟೆ ಚೆನ್ನಾಗಿ ಕೆಲಸ ಮಾಡ್ತಿದೆ, ಸರ್!" ಎಂದಳು ನೀಲಗಂಗಾ. ಪರೀಕ್ಷಕರು ತಲೆದೂಗಿ ಮುಂದೆ ಹೋದರು.

"ನೋಡಿದೆಯಾ?" ಸ್ಟೆತಸ್ಕೋಪು ಬೀಗಿತು. "ನಾನು ಮುಟ್ಟಿದ ಮೇಲೆಯೇ ನಿನಗೆ ಗುಣವಾದದ್ದು!"

"ನಿಮ್ಮ ಕೈಗುಣ ದೊಡ್ಡದು, ಡಾಕ್ಟ್ರೇ," ಎಂದು ಚೆನ್ನಿ ಮೆಲುಕು ಮುಂದುವರಿಸಿತು.