ಗೀಜಗನ ಗೂಡಿಗೆ ಬಾಯಿ ಕೆಳಗೇಕೆ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಯಾವ ಕಡೆ ಹರಿಯಲಿ ಎಂದು ಹೊಳೆ ಗಾಳಿಯನ್ನು ಕೇಳುತ್ತಿತ್ತು. ದಾರಿ ತಪ್ಪಿದರೆ ತಿರುಗಿ ಹರಿಯುತ್ತಿತ್ತು. ಅದಕ್ಕೇನೂ ನಾಚಿಕೆಯಿರಲಿಲ್ಲ.

ಆ ಹೊಳೆದಂಡೆಯ ಈಚಲ ಮರದಲ್ಲಿ ಗೀಜಗನೊಬ್ಬನಿದ್ದ. ಹುಲ್ಲೆಳೆಗೆ ಗಂಟು ಹಾಕುವುದನ್ನು ಮೊದಲು ಕಲಿತವನು ಅವನೇ. ಅವನು ಹಾಕಿದ ಗಂಟು ಒಂದೂ ಬಿಚ್ಚಲಿಲ್ಲ. ಹಕ್ಕಿಗಳೆಲ್ಲ "ಭಲೇ!" ಎಂದವು. ಹೊಗಳಿಕೆ ತಲೆಗೇರಿತು ನೋಡು ಮಗೂ, ಗಂಟು ಮಾತ್ರವಲ್ಲ, ತಾನು ಮಾಡಿದ್ದೆಲ್ಲವೂ ಸರಿ ಎಂದುಕೊಂಡುಬಿಟ್ಟ.

ಮೊಟ್ಟೆಯಿಡುವ ಕಾಲ ಬಂತು. ಗೀಜಗ ಚೆಂದದ ಗೂಡು ನೇಯ್ದು ಈಚಲ ಗರಿಗೆ ಕಟ್ಟಿದ. ನೆಲುವಿಗೆ ತೂಗುಹಾಕಿದ ಕೊಡದ ಹಾಗೆ ಅದರ ಬಾಯಿ ಮೇಲಕ್ಕಿತ್ತು.

"ಮಳೆ ಬಂದ್ರೆ ನೀರು ಒಳಗೇ ಬೀಳುತ್ತಲ್ಲಾ?" ಎಂದಳು ಹೆಂಡತಿ ಗೀಜಗಿ.

"ನನ್ನ ಕೊಕ್ಕು ಎಂದಾದರೂ ತಪ್ಪಿದ್ದುಂಟೇನೇ?"

"ನೀರಿನ ಸಂಗತಿ ನಂಗೊತ್ತು ಕಣಪ್ಪಾ," ಎಂದಿತು ಹೊಳೆ. "ಬಾಯಿ ತೆರೆದ ಕಡೆ ನುಗ್ಗುತ್ತೆ."

"ನನ್ನ ಕೊಕ್ಕು ಎಂದಾದರೂ ತಪ್ಪಿದ್ದುಂಟೇ?"

ಗೀಜಗಿ ಮೂರು ಮೊಟ್ಟೆಯಿಟ್ಟಳು. ಮಾರನೆಯ ಮಧ್ಯಾಹ್ನ ಮಳೆ ಹೊಯ್ಯಿತು. ಅವಳು ಗೂಡಿನ ಬಾಯಿಗೆ ರೆಕ್ಕೆ ಹರಡಿ ಕೂತಳು. ಆದರೂ ನೀರು ಇಳಿಯುತ್ತಲೇ ಇತ್ತು. ಗೀಜಗ ಮೊದಲು ಮಳೆಯನ್ನು ಬೈದ. ಆಮೇಲೆ ಗಾಳಿಯನ್ನು ಬೈದ. ಆಮೇಲೆ ಈಚಲ ಮರವೇ ನೆಟ್ಟಗೆ ನಿಂತಿಲ್ಲ ಎಂದ. ಅವನ ಗಂಟುಗಳೋ ಭಾರೀ ಬಿಗಿ, ಒಳಗೆ ಬಿದ್ದ ನೀರು ಒಂದು ಹನಿಯೂ ಸೋರಲಿಲ್ಲ!

"ತಳ ಕೀಳು ಮಾರಾಯಾ!" ಗೀಜಗಿ ಕೂಗಿದಳು. "ಮಕ್ಕಳು ಮುಳುಗ್ತಾವೆ!"

ಗೀಜಗ ತಳದ ಗಂಟುಗಳನ್ನು ನೋಡಿದ. ಕಿತ್ತರೆ ತಪ್ಪು ಒಪ್ಪಿಕೊಂಡ ಹಾಗೆ. ಕೀಳದಿದ್ದರೆ? ಮೇಲೆ ಹೆಂಡತಿಯ ರೆಕ್ಕೆ ಗಡಗಡ ನಡುಗುತ್ತಿತ್ತು. ಅವನು ಗೂಡಿನ ತಳಕ್ಕೆ ಜೋತುಬಿದ್ದು, ಯಾರೂ ಬಿಚ್ಚಲಾರದ ತನ್ನ ಗಂಟುಗಳನ್ನು ತಾನೇ ಒಂದೊಂದಾಗಿ ಕಿತ್ತ. ಕೊಕ್ಕು ನೊಂದು ಕಣ್ಣೀರು ಬಂತು. ಕೊನೆಗೆ ಮೊಟ್ಟೆ ಜಾರದಷ್ಟು ಸಣ್ಣ ತೂತಾಯಿತು. ನೀರೆಲ್ಲ ಭರ್ರನೆ ಹೊಳೆಗಿಳಿಯಿತು.

ಮೊಟ್ಟೆಗಳು ಒದ್ದೆಯಾಗಿದ್ದವು. ಆದರೆ ಮೂರೂ ಇದ್ದವು.

"ತಪ್ಪು ನಂದೇ ಕಣೇ," ಎಂದ ಗೀಜಗ. ಹೇಳಿದ ಮೇಲೆ ಅವನಿಗೇ ಹಗುರವಾಯಿತು.

"ಗಂಟು ಮಾತ್ರ ಚೆನ್ನಾಗಿತ್ತು," ಎಂದು ಗೀಜಗಿ ನಕ್ಕಳು.

ಅಂದಿನಿಂದ ಗೀಜಗನ ಗೂಡಿಗೆ ಬಾಯಿ ಕೆಳಗೆ, ಮೊಟ್ಟೆ ಬೀಳದಂತೆ ಒಳಗೆ ಪಕ್ಕದಲ್ಲೊಂದು ಗುಳಿ. ಅಷ್ಟೇ ಅಲ್ಲ, ಅರ್ಧ ನೇಯ್ದು ರೆಕ್ಕೆ ಬಡಿದು ಗೀಜಗಿಯನ್ನು ಕರೆಯುತ್ತಾನೆ. ಅವಳು ಒಳಹೊಕ್ಕು ಎಳೆದೆಳೆದು ನೋಡುತ್ತಾಳೆ. ಹೊಳೆಯ ಮೇಲೆ ಬಾಗಿದ ಮರದಲ್ಲಿ ಅರ್ಧಕ್ಕೇ ನಿಂತ ಗೂಡು ಕಂಡರೆ ತಿಳಿದುಕೋ ಮಗೂ, ಅಲ್ಲಿ ಗೀಜಗಿ "ಊಹೂಂ" ಎಂದಿದ್ದಾಳೆ, ಗೀಜಗ "ಆಗಲಿ ಬಿಡು" ಎಂದು ಪಕ್ಕದ ಗರಿಯಲ್ಲಿ ಹಾಡಿಕೊಳ್ಳುತ್ತಾ ಮತ್ತೆ ಮೊದಲ ಗಂಟು ಹಾಕಿದ್ದಾನೆ.